ಬರುವವನ ನಿರೀಕ್ಷೆ ಮತ್ತು ಕಡೆಯ ತೀರ್ಪು: ಹಾನಗಲ್ಲ–ಹಿರೇಕೆರೂರ ಸೀಮೆಯ ಕಾಲಜ್ಞಾನ ಪರಂಪರೆಯ ಎದುರು ಕ್ರೈಸ್ತ ನಂಬಿಕೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಒಂದೇ ಘಟಕವೆಂದು ಪರಿಗಣಿಸಲು ಸಾಕಷ್ಟು ಕಾರಣಗಳಿವೆ. ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೊಡಗುವ ಈ ಭಾಗದಲ್ಲಿ ಭತ್ತದ ಗದ್ದೆಯೂ ಜೋಳದ ಹೊಲವೂ ಒಂದೇ ದಿನದ ನಡಿಗೆಯಲ್ಲಿ ಎದುರಾಗುತ್ತವೆ. ಕನಕದಾಸರ ಬಾಡ, ಸಂತ ಶರೀಫರ ಶಿಶುನಾಳ, ಏಕಾಂತದ ರಾಮಯ್ಯನ ಅಬ್ಬಲೂರು, ಸರ್ವಜ್ಞನ ಹೆಸರಿನೊಡನೆ ಸೇರಿಕೊಂಡಿರುವ ಮಾಸೂರು, ನವಾಬರ ಸವಣೂರು ಇವೆಲ್ಲ ಈ ವಲಯದೊಳಗೇ ಇವೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ಧಾರವಾಡ ಜಿಲ್ಲೆಯ ದಕ್ಷಿಣ ಭಾಗವಾಗಿತ್ತು. ಆದುದರಿಂದಲೇ 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನ ಬೋಧನೆಗಳಿಗೆ ಈ ಪ್ರದೇಶವೂ ತೆರೆದುಕೊಂಡಿತು.

ಕ್ರಿಸ್ತನು ಮತ್ತೊಮ್ಮೆ ಬರುವನು, ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುವನು ಎಂಬ ನಂಬಿಕೆ ಕ್ರೈಸ್ತಧರ್ಮದ ಮೂಲಭೂತ ಸಿದ್ಧಾಂತಗಳಲ್ಲಿ ಒಂದು. ಈ ಸಿದ್ಧಾಂತ ಕನ್ನಡ ನಾಡಿನ ಈ ಮೂಲೆಗೆ ಬಂದಾಗ ಇಲ್ಲಿಯ ಜನರಲ್ಲಿ ಆಗಲೇ ಬೇರೂರಿದ್ದ ನಿರೀಕ್ಷೆಗಳ ಜೊತೆಗೆ ಅದು ನಡೆಸಿದ ಅನುಸಂಧಾನವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಮತಾಂತರದ ಇತಿಹಾಸವನ್ನು ಬರೆದವರು ಶಾಲೆ, ಆಸ್ಪತ್ರೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳಿಗೆ ಕೊಟ್ಟ ಗಮನವನ್ನು ಬೋಧನೆಯ ತಿರುಳಿಗೆ ಕೊಟ್ಟಿಲ್ಲ. ಜನರು ಏನನ್ನು ಕೇಳಿಸಿಕೊಂಡರು, ಕೇಳಿದ್ದನ್ನು ಯಾವುದರ ಪಕ್ಕದಲ್ಲಿಟ್ಟು ಅರ್ಥಮಾಡಿಕೊಂಡರು ಎಂಬ ಪ್ರಶ್ನೆ ಜಾನಪದ ವಿದ್ವಾಂಸನ ಪಾಲಿಗೆ ಉಳಿದುಬಂದಿದೆ.

ಸಿದ್ಧಾಂತದ ಸ್ವರೂಪ

ಹೊಸ ಒಡಂಬಡಿಕೆಯ ಹಲವು ಭಾಗಗಳಲ್ಲಿ ಈ ನಂಬಿಕೆ ಹರಡಿಕೊಂಡಿದೆ. ಮತ್ತಾಯನ ಸುವಾರ್ತೆಯ 24 ಮತ್ತು 25ನೆಯ ಅಧ್ಯಾಯಗಳು, ಥೆಸಲೋನಿಕದವರಿಗೆ ಬರೆದ ಪತ್ರಗಳು, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯ ಮತ್ತು ಯೋಹಾನನ ಪ್ರಕಟನೆ ಇದರ ಮುಖ್ಯ ಆಕರಗಳು. ಇವುಗಳಲ್ಲಿ ಬರುವ ಚಿತ್ರಗಳು ಒಂದೇ ಬಗೆಯವಲ್ಲ. ಒಂದೆಡೆ ಮೇಘಗಳ ಮೇಲೆ ಬರುವವನು, ಇನ್ನೊಂದೆಡೆ ಬಿಳಿಯ ಕುದುರೆಯನ್ನೇರಿದ ರಾಜ, ಮತ್ತೊಂದೆಡೆ ನಡುರಾತ್ರಿಯಲ್ಲಿ ಬಂದುಬಿಡುವ ಮದುವಣಿಗ, ಹೇಳದೆ ಬರುವ ಕಳ್ಳ. ಸತ್ತವರು ಏಳುವರು, ಪುಸ್ತಕಗಳು ತೆರೆಯಲ್ಪಡುವುವು, ಪ್ರತಿಯೊಬ್ಬನಿಗೂ ಅವನವನ ಕೃತ್ಯಗಳಿಗೆ ತಕ್ಕ ತೀರ್ಪಾಗುವುದು.

ಆ ದಿನವಾಗಲಿ ಗಳಿಗೆಯಾಗಲಿ ತಂದೆಯ ಹೊರತು ಯಾರಿಗೂ ತಿಳಿಯದೆಂದು ಸುವಾರ್ತೆ ಸ್ಪಷ್ಟಪಡಿಸಿದೆ. ಹಾಗಿದ್ದೂ ಲೆಕ್ಕಹಾಕುವ ಹಂಬಲ ಯುರೋಪಿನಲ್ಲಿ ಎಂದೂ ನಿಂತಿಲ್ಲ. ಬಾಸೆಲ್ ಮಿಷನ್ನಿನ ಪ್ರಚಾರಕರಲ್ಲಿ ಬಹುಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು, ಪಯಟಿಸ್ಟ್ ಎಂದು ಕರೆಯಲಾಗುವ ಭಕ್ತಿಪಂಥದ ಮನೆಗಳಲ್ಲಿ ಬೆಳೆದವರು. ಆ ಪ್ರಾಂತದ ಪ್ರಸಿದ್ಧ ದೈವಶಾಸ್ತ್ರಜ್ಞ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಪ್ರಕಟನೆಯ ಗ್ರಂಥದ ಅಂಕೆಗಳನ್ನು ಕೂಡಿಸಿ ಕಳೆದು ಕ್ರಿಸ್ತನ ಸಾವಿರ ವರುಷಗಳ ಆಳ್ವಿಕೆಯ ಕಾಲ 1836ರಲ್ಲಿ ಆರಂಭವಾಗುವುದೆಂದು ಗಣಿಸಿದ್ದನು. ಅಂತ್ಯಕಾಲ ಸಮೀಪಿಸಿತೆಂಬ ಭಾವನೆಯಿಂದ 1817ರ ಸುಮಾರಿನಲ್ಲಿ ಆ ಪ್ರಾಂತದ ಅನೇಕ ಕುಟುಂಬಗಳು ಮನೆಮಠ ಮಾರಿ ದೂರದ ಕಾಕಸಸ್ ಪ್ರದೇಶಕ್ಕೆ ಗುಳೆ ಹೋದುದುಂಟು. 1836 ಬಂದಿತು, ಹೋಯಿತು. ಅದೇ ವರ್ಷ ಹರ್ಮನ್ ಮೋಗ್ಲಿಂಗ್ ಭಾರತಕ್ಕೆ ಬಂದನು. ಮರುವರ್ಷ ಧಾರವಾಡದ ಠಾಣೆ ತೆರೆಯಿತು. ಮಿಷನರಿಗಳೆಲ್ಲ ಬೆಂಗೆಲ್ಲನ ಗಣನೆಯನ್ನು ನಂಬಿದ್ದರೆಂದು ಹೇಳುವುದು ಸರಿಯಾಗಲಾರದು. ಆದರೆ ಕಾಲದ ಲೆಕ್ಕವನ್ನು ಬೆರಳಲ್ಲಿ ಎಣಿಸುತ್ತಿದ್ದ ಒಂದು ನಾಡಿನಿಂದ ಅವರು ಬಂದಿದ್ದರೆಂಬುದನ್ನು ಮರೆಯಬಾರದು. ಏಕೆಂದರೆ ಅವರು ಬಂದಿಳಿದ ನಾಡಿನಲ್ಲಿಯೂ ಜನ ಎಣಿಸುತ್ತಲೇ ಇದ್ದರು.

ಕಾರಣಿಕ ಮತ್ತು ಕಾಲಜ್ಞಾನ

ಮುಂದಾಗುವುದನ್ನು ನುಡಿಯುವ ಪರಂಪರೆ ಈ ಭಾಗದಲ್ಲಿ ಎರಡು ಆಳಗಳಲ್ಲಿ ಹರಿಯುತ್ತದೆ. ಮೊದಲನೆಯದು ಕಾರಣಿಕ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಸಂದರ್ಭದಲ್ಲಿ, ತುಂಗಭದ್ರೆಯ ಆಚೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ನೆರೆದ ಸಾವಿರಾರು ಜನ ಉಸಿರು ಬಿಗಿಹಿಡಿದಿರುವಾಗ ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಹಾನಗಲ್ಲ, ಹಿರೇಕೆರೂರು ಕಡೆಯ ಒಕ್ಕಲುಮಕ್ಕಳು ಚಕ್ಕಡಿ ಕಟ್ಟಿಕೊಂಡು ಹೋಗಿ ಕೇಳಿಬರುತ್ತಿದ್ದ ಈ ನುಡಿಯ ಅವಧಿ ಒಂದು ವರ್ಷ. ಮಳೆ, ಬೆಳೆ, ರೋಗ, ದೊರೆತನ ಇಷ್ಟು ಅದರ ವ್ಯಾಪ್ತಿ. ಅರ್ಥವನ್ನು ಕೇಳಿದವರೇ ಹಚ್ಚಿಕೊಳ್ಳಬೇಕು.

ಎರಡನೆಯದು ಕಾಲಜ್ಞಾನ. ಇದರ ಅವಧಿ ಯುಗ. ಚೆನ್ನಬಸವಣ್ಣ, ಸಿದ್ಧರಾಮ, ಕೊಡೇಕಲ್ಲ ಬಸವಣ್ಣ, ಸರ್ವಜ್ಞ ಮೊದಲಾದವರ ಹೆಸರಿನಲ್ಲಿ ಕಾಲಜ್ಞಾನದ ವಚನಗಳೂ ಪದಗಳೂ ಓಲೆಗರಿಗಳಲ್ಲಿ, ಮಠಗಳ ಕೈಬರಹಗಳಲ್ಲಿ, ಆಮೇಲೆ ಜಾತ್ರೆಯಲ್ಲಿ ಮಾರುವ ಅಗ್ಗದ ಹೊತ್ತಿಗೆಗಳಲ್ಲಿ ಹರಿದುಬಂದಿವೆ. ಆಂಧ್ರದ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಯ ಕಾಲಜ್ಞಾನ ಪಾಂಚಾಳರ ಮೂಲಕ ಇತ್ತ ಪರಿಚಿತವಾಗಿದೆ. ಇವುಗಳ ಕಥಾಸೂತ್ರ ಹೆಚ್ಚು ಕಡಿಮೆ ಒಂದೇ: ಧರ್ಮ ಕೆಡುವುದು, ಕುಲ ಬೆರೆಯುವುದು, ಅನ್ಯರ ಆಳ್ವಿಕೆ ಬರುವುದು, ಬರ ಬೀಳುವುದು, ಬಳಿಕ ವೀರವಸಂತರಾಯನೆಂಬ ದೊರೆ ಬಂದು ದುಷ್ಟರನ್ನು ಸವರಿ ಹಾಳಾದ ಕಲ್ಯಾಣವನ್ನು ಮರಳಿ ಕಟ್ಟುವನು. ವೀರಶೈವ ಪಾಠಗಳಲ್ಲಿ ಈ ವಸಂತರಾಯ ಮತ್ತಾರೂ ಅಲ್ಲ, ಚೆನ್ನಬಸವಣ್ಣನೇ. ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’ದಲ್ಲಿ (1584) ಈ ಭವಿಷ್ಯದ ಭಾಗ ಸೇರಿಕೊಂಡಿದೆ. ಬಿಜ್ಜಳನ ಕಾಲದಲ್ಲಿ ಶರಣರ ರಕ್ತ ಬಿದ್ದ ಕಲ್ಯಾಣ ಮತ್ತೆ ಎದ್ದುನಿಲ್ಲಬೇಕೆಂಬ ಹಂಬಲ ನಾಲ್ಕು ಶತಮಾನಗಳ ತರುವಾಯವೂ ಆರಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಬಿಳಿಯ ಕುದುರೆಯ ಮೇಲೆ ಬರುವ ಕಲ್ಕಿಯ ಪುರಾಣಕಲ್ಪನೆಯೂ ಇದರೊಡನೆ ಬೆರೆತಿದೆ.

ಇಲ್ಲಿ ಒಂದು ಮಾತನ್ನು ಒತ್ತಿಹೇಳಬೇಕು. ಬಿಳಿಯ ಕುದುರೆ, ಖಡ್ಗ, ದುಷ್ಟಸಂಹಾರ, ಮರಳಿ ಬರುವ ಮಹಾಪುರುಷ ಇವೆಲ್ಲ ಪ್ರಕಟನೆಯ ಗ್ರಂಥದಲ್ಲೂ ಇರುವುದನ್ನು ಕಂಡು ಕಾಲಜ್ಞಾನದ ಮೇಲೆ ಕ್ರೈಸ್ತ ಪ್ರಭಾವವನ್ನು ಊಹಿಸುವ ಪ್ರವೃತ್ತಿ ಆಗಾಗ ಕಾಣಿಸಿಕೊಳ್ಳುತ್ತದೆ. ಮಿಷನರಿಗಳು ಈ ಸೀಮೆಗೆ ಕಾಲಿಡುವುದಕ್ಕಿಂತ ಎರಡೂವರೆ ಶತಮಾನ ಮೊದಲೇ ‘ಚೆನ್ನಬಸವ ಪುರಾಣ’ ರಚಿತವಾಗಿತ್ತು. ಹೋಲಿಕೆಯನ್ನೆಲ್ಲ ಎರವಲೆಂದು ತಿಳಿಯುವುದು ನಮ್ಮ ಶಾಸ್ತ್ರದ ಹಳೆಯ ರೋಗ.

ಕಾಲಜ್ಞಾನದ ಕಾಲಗಣನೆಯ ರೀತಿಯೂ ಗಮನಾರ್ಹ. ಅಲ್ಲಿ ಘಟನೆಗಳನ್ನು ಸಂವತ್ಸರದ ಹೆಸರಿನಿಂದ ಗುರುತಿಸುವುದು ರೂಢಿ. ಸಂವತ್ಸರಚಕ್ರ 60 ವರ್ಷಗಳದ್ದು. ಇಂಥ ಸಂವತ್ಸರದಲ್ಲಿ ಆಗುವುದೆಂದು ನುಡಿದದ್ದು ಆಗದೆ ಹೋದರೆ ಅದೇ ಹೆಸರಿನ ಸಂವತ್ಸರ ಮೊಮ್ಮಕ್ಕಳ ಕಾಲದಲ್ಲಿ ಮತ್ತೆ ಬರುತ್ತದೆ, ನುಡಿ ಹುಸಿಯಾಗುವುದಿಲ್ಲ. ಬೆಂಗೆಲ್ಲನ ಲೆಕ್ಕಕ್ಕೆ ಈ ಸೌಲಭ್ಯವಿರಲಿಲ್ಲ. ಒಂದು ಸರಳ ರೇಖೆಯ ಮೇಲಿನ 1836 ಒಮ್ಮೆ ದಾಟಿದರೆ ದಾಟಿದಂತೆಯೇ.

ಎರಡು ನಿರೀಕ್ಷೆಗಳ ಭೇಟಿ

ನಮ್ಮ ನಾಲ್ಕು ತಾಲೂಕುಗಳ ಉತ್ತರಕ್ಕೆ, ಹುಬ್ಬಳ್ಳಿ ಮತ್ತು ಗದಗ–ಬೆಟಗೇರಿಯ ಸುತ್ತಿನಲ್ಲಿ, 1839–40ರ ವೇಳೆಗೆ ನಡೆದ ಪ್ರಸಂಗವೊಂದು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕಾಲಜ್ಞಾನವನ್ನು ಪ್ರಮಾಣವೆಂದು ನಂಬಿದ್ದ ಲಿಂಗಾಯತ ಗುಂಪೊಂದರ ಹಿರಿಯರು ತಾವಾಗಿಯೇ ಬಾಸೆಲ್ ಮಿಷನರಿಗಳ ಬಳಿಗೆ ಬಂದರು. ಹೊಸ ಧರ್ಮವೊಂದು ಬರುವುದೆಂದು ತಮ್ಮ ಗ್ರಂಥಗಳು ನುಡಿದಿದ್ದು ಈ ಪಾದ್ರಿಗಳು ಅದರ ಕುರುಹಾಗಿರಬಹುದೆಂಬುದು ಅವರ ಎಣಿಕೆಯಾಗಿತ್ತು. ಮಿಷನ್ನಿನ ಬರಹಗಳಲ್ಲಿ ಇವರನ್ನು ಕಾಲಜ್ಞಾನದವರೆಂದೇ ಕರೆದಿದೆ. ಊರಿಗೆ ಊರೇ ಬರುವುದೆಂಬ ಭರವಸೆಯಿಂದ ಮಿಷನರಿಗಳು ಹಿಗ್ಗಿದರು. 1841ರಲ್ಲಿ ಬೆಟಗೇರಿಯಲ್ಲೂ ಸಮೀಪದ ಮಲ್ಲಸಮುದ್ರದಲ್ಲೂ ಠಾಣೆಗಳು ಆರಂಭವಾದವು. ಮಲ್ಲಸಮುದ್ರದಲ್ಲಿ ಒಕ್ಕಲುತನದ ಆಧಾರದ ಮೇಲೆ ಒಂದು ಕ್ರೈಸ್ತ ನೆಲೆಯನ್ನು ಕಟ್ಟುವ ಯೋಜನೆ ಹಾಕಲಾಯಿತು. ಆದರೆ ನಿರೀಕ್ಷಿಸಿದ ಸಮೂಹ ಬರಲಿಲ್ಲ. ಬಂದವರು ಕೆಲವರೇ. ಯೋಜನೆ ಕೈಗೂಡಲಿಲ್ಲ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದಲಾಗಿದೆ. ಬಂದವರಿಗೆ ಲೌಕಿಕ ಲಾಭದ ಆಸೆಯಿತ್ತು, ಆತ್ಮದ ಹಸಿವಿರಲಿಲ್ಲ ಎಂಬುದು ಮಿಷನ್ನಿನ ಕಡೆಯ ಓದು. ಮುಗ್ಧ ಜನರ ನಂಬಿಕೆಯನ್ನು ಪರದೇಶಿಗಳು ಬಳಸಿಕೊಳ್ಳಲು ನೋಡಿದರೆಂಬುದು ಇನ್ನೊಂದು ಓದು. ಎರಡೂ ಕಾಲಜ್ಞಾನದ ಒಳಗನ್ನು ನೋಡುವುದಿಲ್ಲ. ಕಾಲಜ್ಞಾನದ ನಿರೀಕ್ಷೆಯಲ್ಲಿ ಲೌಕಿಕ ಮತ್ತು ಪಾರಲೌಕಿಕ ಎಂಬ ಗೆರೆಯೇ ಇಲ್ಲ. ವಸಂತರಾಯ ಬರುವುದು ಈ ನೆಲದ ಮೇಲೆ, ಕಟ್ಟುವುದು ಹೆಸರುಳ್ಳ ಒಂದು ಊರನ್ನು, ಕೊಡುವುದು ಹಸನಾದ ಆಳ್ವಿಕೆಯನ್ನು. 1818ರಲ್ಲಿ ಪೇಶವೆಯ ಆಳ್ವಿಕೆ ಅಳಿದು ಕಂಪನಿ ಸರಕಾರ ಬಂದಿತ್ತು. ಕಂದಾಯದ ಭಾರ ಮಾತ್ರ ಇಳಿದಿರಲಿಲ್ಲ. ಡೋಗಿ ಬರವೆಂದು ಹೆಸರಾದ 1791–92ರ ಕ್ಷಾಮದ ನೆನಪು ಅಜ್ಜಂದಿರ ಬಾಯಲ್ಲಿ ಇನ್ನೂ ಹಸಿಯಾಗಿದ್ದ ಕಾಲವದು. ನ್ಯಾಯವಾದ ದೊರೆತನವನ್ನು ಕೇಳಿ ಬಂದವರಿಗೆ ಪಾದ್ರಿಗಳು ಪಾಪದ ಅರಿವು, ಪಶ್ಚಾತ್ತಾಪ, ಒಬ್ಬೊಬ್ಬನ ಹೃದಯದ ಪರಿವರ್ತನೆ ಇವುಗಳನ್ನು ಮುಂದಿಟ್ಟರು. ಬರುವ ರಾಜನ ವಿಷಯದಲ್ಲಿ ಉಭಯರೂ ಒಂದೇ ಮಾತನ್ನಾಡುತ್ತಿದ್ದಂತೆ ತೋರಿತು. ಅವನು ಬಂದು ಮಾಡುವ ಕೆಲಸದ ವಿಷಯದಲ್ಲಿ ದಾರಿಗಳು ಬೇರೆಯಾದವು.

ಮಿಷನರಿಗಳು ಈ ಗ್ರಂಥಗಳನ್ನು ಅಲಕ್ಷಿಸಲಿಲ್ಲವೆಂಬುದನ್ನೂ ಹೇಳಬೇಕು. ಅವರಲ್ಲೊಬ್ಬನಾದ ವ್ಯುರ್ಥ್ 1860ರ ದಶಕದಲ್ಲಿ ‘ಬಸವ ಪುರಾಣ’ ಮತ್ತು ‘ಚೆನ್ನಬಸವ ಪುರಾಣ’ಗಳ ಸಂಗ್ರಹಾನುವಾದವನ್ನು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಒದಗಿಸಿದನು.

ಭಾಷಾಂತರದ ಕಣದಲ್ಲಿ

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್‌ನ ಪ್ರಯತ್ನದಿಂದ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅನಂತರ ಬಾಸೆಲ್ ಮಿಷನರಿಗಳೂ ಇತರರೂ ಅದನ್ನು ಪರಿಷ್ಕರಿಸಿದರು. ಇಂದು ಪ್ರಾಟೆಸ್ಟಂಟ್ ಸಭೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಸತ್ಯವೇದ’ದ ಭಾಷೆ ಹೀಗೆ ಹಲವು ಕೈಗಳಿಂದ ಹದಗೊಂಡದ್ದು. ಅಂತ್ಯಕಾಲಕ್ಕೆ ಸಂಬಂಧಿಸಿದ ಅದರ ಪದಗಳನ್ನು ಜಾನಪದ ದೃಷ್ಟಿಯಿಂದ ನೋಡಿದರೆ ಕುತೂಹಲಕರ ಸಂಗತಿಗಳು ಹೊರಬೀಳುತ್ತವೆ.

ಲೋಕದ ಅಂತ್ಯವನ್ನು ಹೇಳಲು ಅನುವಾದಕರು ಆರಿಸಿದ್ದು ‘ಯುಗದ ಸಮಾಪ್ತಿ’ ಎಂಬ ಮಾತನ್ನು. ಯುಗವೆಂದೊಡನೆ ಕನ್ನಡದ ಕೇಳುಗನಿಗೆ ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಸರಣಿ ನೆನಪಾಗುತ್ತದೆ. ಒಂದು ಯುಗ ಮುಗಿದರೆ ಇನ್ನೊಂದು ಮೊದಲಾಗಬೇಕು. ಮೂಲ ಸಿದ್ಧಾಂತದ ಕಾಲವಾದರೋ ತಿರುಗುವಂಥದಲ್ಲ, ಒಮ್ಮೆ ಮುಗಿದು ನಿತ್ಯದೊಳಗೆ ಸೇರುವಂಥದು. ಪದ ಬಂದಿತು, ಪದದ ಬೆನ್ನಿಗೆ ಚಕ್ರವೂ ಬಂದಿತು. ಕ್ರಿಸ್ತನ ಬರುವಿಕೆಗೆ ‘ಪ್ರತ್ಯಕ್ಷತೆ’ ಎಂಬ ಪದವನ್ನು ಬಳಸಿರುವುದೂ ಇಂಥದೇ. ದೇವರು ಭಕ್ತನಿಗೆ ಪ್ರತ್ಯಕ್ಷನಾಗುವುದು ನಮ್ಮ ಕಥನಗೀತೆಗಳಲ್ಲಿ ನಿತ್ಯದ ಸಂಗತಿ, ಅದು ಒಬ್ಬ ಭಕ್ತನ ಸಂಕಟಕ್ಕೆ ಓಗೊಟ್ಟು ಆಗುವಂಥದು. ಸರ್ವರ ಕಣ್ಣಿಗೂ ಏಕಕಾಲಕ್ಕೆ ಆಗುವ ಪ್ರತ್ಯಕ್ಷತೆ ಹೊಸ ಕಲ್ಪನೆ. ಸಭೆಯ ಆಡುಮಾತಿನಲ್ಲಿ ಮಾತ್ರ ‘ಎರಡನೆಯ ಬರೋಣ’ ಎಂಬ ನೇರವಾದ, ನೆಲದ ಮಾತು ನಿಂತಿತು. ಬರೋಣ, ಹೋಗೋಣ ಎಂದು ಕ್ರಿಯೆಯನ್ನೇ ನಾಮಪದವಾಗಿಸುವ ಈ ಹಳೆಯ ಕ್ರಮ ಬೇರೆಡೆ ಅಪರೂಪವಾದರೂ ಕ್ರೈಸ್ತ ಕನ್ನಡ ಅದನ್ನು ಉಳಿಸಿಕೊಂಡು ಬಂದಿದೆ. ಕಥೋಲಿಕರಲ್ಲಿ ‘ಪುನರಾಗಮನ’, ‘ಅಂತಿಮ ತೀರ್ಪು’ ಎಂಬ ಸಂಸ್ಕೃತಭೂಯಿಷ್ಠ ರೂಪಗಳು ಹೆಚ್ಚು.

ತೀರ್ಪಿನ ಚಿತ್ರಗಳ ಸಂಗತಿ ಬೇರೆ. ಅವು ಈ ನೆಲದಲ್ಲಿಯೇ ಹುಟ್ಟಿದಂತಿವೆ. ಸುವಾರ್ತೆಯಲ್ಲಿ ಯುಗದ ಸಮಾಪ್ತಿಯನ್ನು ಸುಗ್ಗಿಗೆ ಹೋಲಿಸಲಾಗಿದೆ. ಸ್ನಾನಿಕ ಯೋಹಾನನು ಬರಲಿರುವವನನ್ನು ಕೈಯಲ್ಲಿ ಮೊರ ಹಿಡಿದು ಕಣ ಹಸನುಮಾಡುವ ಒಕ್ಕಲಿಗನಂತೆ ಚಿತ್ರಿಸುತ್ತಾನೆ: ಗಟ್ಟಿಕಾಳು ಕಣಜಕ್ಕೆ, ಹೊಟ್ಟು ಬೆಂಕಿಗೆ. ಧಾರವಾಡ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರಗಳು ಬರುವ ಮುಂಚೆ ಕಣವೆಂದರೆ ವರ್ಷದ ಲೆಕ್ಕ ತೀರುವ ಜಾಗ. ನಡುವೆ ಮೇಟಿ ನೆಟ್ಟು, ಎತ್ತುಗಳ ಹಂತಿ ಹೂಡಿ, ರಾತ್ರಿಯುದ್ದಕ್ಕೂ ಹಂತಿಯ ಪದ ಹಾಡುತ್ತ ತುಳಿಸಿ, ಗಾಳಿ ನೋಡಿ ತೂರಿ ರಾಶಿ ಮಾಡುತ್ತಿದ್ದರು. ರಾಶಿಯ ಬಳಿ ಸಲ್ಲದ ಮಾತನಾಡಬಾರದು. ಅಳೆಯುವಾಗ ಮೊದಲ ಅಳತೆಯನ್ನು ಒಂದು ಎನ್ನದೆ ‘ಲಾಭ’ ಎನ್ನಬೇಕು. ಬಡಿಗ, ಕಮ್ಮಾರ, ಮಡಿವಾಳ, ತಳವಾರ ಮೊದಲಾದ ಆಯಗಾರರು ವರ್ಷವಿಡೀ ದುಡಿದ ದುಡಿಮೆಗೆ ಕಣದಲ್ಲಿಯೇ ಪಾಲು ಸಲ್ಲುತ್ತಿತ್ತು. ಯಾರಿಗೆ ಎಷ್ಟು ಸಲ್ಲಬೇಕೆಂಬುದು ಎಲ್ಲರ ಕಣ್ಣೆದುರಿಗೆ, ಒಂದೇ ದಿನ, ಒಂದೇ ರಾಶಿಯ ಮುಂದೆ ತೀರ್ಮಾನವಾಗುವ ದೃಶ್ಯವನ್ನು ವರ್ಷವರ್ಷವೂ ಕಂಡವರಿಗೆ ಕಡೆಯ ತೀರ್ಪಿನ ದಿನ ವಿಚಿತ್ರವೆನಿಸಲು ಕಾರಣವಿರಲಿಲ್ಲ.

ಗೋದಿ ಮತ್ತು ಹಣಜಿಯ ಸಾಮ್ಯ ಇನ್ನಷ್ಟು ಸೂಕ್ಷ್ಮವಾದುದು. ವೈರಿಯೊಬ್ಬ ಹೊಲದಲ್ಲಿ ಕಳೆ ಬಿತ್ತಿಹೋದಾಗ ಆಳುಗಳು ಅದನ್ನು ಕೀಳುವೆವೆನ್ನುತ್ತಾರೆ, ಯಜಮಾನನು ಸುಗ್ಗಿಯವರೆಗೆ ಎರಡೂ ಕೂಡಿ ಬೆಳೆಯಲೆನ್ನುತ್ತಾನೆ. ಜೋಳದ ಹೊಲಕ್ಕೆ ಮೇಲಿಂದ ಮೇಲೆ ಎಡೆಕುಂಟೆ ಹೊಡೆಯುವ ಸವಣೂರು ಕಡೆಯ ರೈತನಿಗೆ ಇದು ಸೋಮಾರಿಯ ಮಾತಾಗಿ ಕೇಳಿಸೀತು. ಹಾನಗಲ್ಲ ಕಡೆಯ ಭತ್ತದ ಬೆಳೆಗಾರನಿಗೆ ಹಾಗಲ್ಲ. ಭತ್ತವನ್ನೇ ಹೋಲುವ ಕಳೆಯನ್ನು ತೆನೆ ಹೊರಡುವವರೆಗೆ ಗುರುತಿಸುವುದು ಕಷ್ಟವೆಂದು, ಅವಸರಿಸಿದರೆ ಪೈರೇ ಕೈಗೆ ಬರುವುದೆಂದು ಅವನಿಗೆ ಗೊತ್ತು. ದುಷ್ಟರಿಗೆ ತಕ್ಷಣ ಶಿಕ್ಷೆಯಾಗದಿರುವುದೇಕೆ ಎಂಬ ಕಠಿಣ ಪ್ರಶ್ನೆಗೆ ಸುವಾರ್ತೆ ಕೊಡುವ ಉತ್ತರ ಹೀಗೆ ಬೆಳೆಯ ಜ್ಞಾನವನ್ನು ಅವಲಂಬಿಸಿದೆ. ಕುರುಬನು ಸಂಜೆ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ಚಿತ್ರದ ಬಗೆಗೂ ಇದೇ ಮಾತು. ಕುರಿಹಿಂಡಿನಲ್ಲಿ ನಾಲ್ಕಾರು ಆಡುಗಳನ್ನು ಸೇರಿಸಿ ಮೇಯಿಸುವ ಪದ್ಧತಿ ಈ ಭಾಗದ ಹಾಲುಮತದವರಲ್ಲಿ ಇಂದಿಗೂ ಇದೆ. ಆ ಚಿತ್ರದ ಮುಂದುವರಿಕೆಯಾಗಿ ಹಸಿದವನಿಗೆ ಉಣಿಸಿದ್ದು ನನಗೇ ಉಣಿಸಿದಂತೆ ಎಂದು ರಾಜನು ಹೇಳುವ ಮಾತು ಜಂಗಮ ದಾಸೋಹದ ನಾಡಿನಲ್ಲಿ ವ್ಯಾಖ್ಯಾನವನ್ನು ಬೇಡುವುದಿಲ್ಲ.

ನನಗೆ ಎಲ್ಲಕ್ಕಿಂತ ಅರ್ಥಪೂರ್ಣವೆನಿಸಿದ್ದು ‘ಜೀವಬಾಧ್ಯರ ಪಟ್ಟಿ’ ಎಂಬ ಪ್ರಯೋಗ. ಪ್ರಕಟನೆಯಲ್ಲಿ ಬರುವ ಜೀವದ ಪುಸ್ತಕಕ್ಕೆ ಕನ್ನಡ ಅನುವಾದಕರು ಕೊಟ್ಟ ಹೆಸರಿದು. ಪುರಾಣದ ನೆಲೆಯಲ್ಲಿ ಅವರಿಗೆ ಚಿತ್ರಗುಪ್ತನ ಕಡತ ಸಿದ್ಧವಾಗಿತ್ತು. ಅದನ್ನು ಅವರು ಮುಟ್ಟಲಿಲ್ಲ. ಬಾಧ್ಯ ಎಂದರೆ ಹಕ್ಕುಳ್ಳವನು, ವಾರಸುದಾರ. ಪಟ್ಟಿ ಎಂದರೆ ಹೆಸರುಗಳ ಯಾದಿ. ಜಾತ್ರೆಗೆ ಊರಲ್ಲಿ ಪಟ್ಟಿ ಎತ್ತುವುದು ಇಂದಿಗೂ ಆಡುವ ಮಾತು. 1840ರ ದಶಕದಲ್ಲಿ ವಿಂಗೇಟ್‌ನ ಮೇಲ್ವಿಚಾರಣೆಯಲ್ಲಿ ಈ ಸೀಮೆಯ ಭೂಮಾಪನ ನಡೆದು, ಹೊಲದ ಹಕ್ಕು ಸರಕಾರಿ ದಾಖಲೆಯಲ್ಲಿ ಬರೆದ ಹೆಸರಿನ ಮೇಲೆ ನಿಲ್ಲುವಂತಾಯಿತು. ಹೆಸರು ದಾಖಲಾದರೆ ನೆಲ ಉಂಟು, ಇಲ್ಲವಾದರೆ ಇಲ್ಲ. ಚಿತ್ರಗುಪ್ತನ ಕಡತದಲ್ಲಿ ಪಾಪಪುಣ್ಯಗಳ ಜಮಾಖರ್ಚು ಇದ್ದರೆ, ಬಾಧ್ಯರ ಪಟ್ಟಿಯಲ್ಲಿ ಹಕ್ಕಿನ ಪ್ರಶ್ನೆ ಇದೆ. ಜಮೀನಿಲ್ಲದ, ಯಾವ ದಾಖಲೆಯಲ್ಲೂ ಹೆಸರಿಲ್ಲದ ಜನ ಸಭೆಗೆ ಸೇರಿದಾಗ ಅವರಿಗೆ ಈ ಪಟ್ಟಿ ಏನಾಗಿ ಕೇಳಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ನ್ಯಾಯ ಹೇಳುವವನಾರು ಎಂಬಲ್ಲಿ ಮಾತ್ರ ಭಿನ್ನತೆ ಉಳಿಯಿತು. ಉತ್ತರ ಕರ್ನಾಟಕದಲ್ಲಿ ‘ದೈವ’ವೆಂದರೆ ಕೂಡಿ ಕುಳಿತ ಊರ ಜನವೂ ಹೌದು. ಲಾವಣಿ, ಗೀಗೀ ಮೇಳದವರು ಕುಂತ ದೈವಕ್ಕೆ ಶರಣೆಂದೇ ಹಾಡು ತೊಡಗುವುದು. ಕಟ್ಟೆಯ ಮೇಲೆ ದೈವ ಕೂಡಿ ತೀರ್ಮಾನ ಕೊಡುವಾಗ ತಪ್ಪಿತಸ್ಥನಿಗೂ ಮಾತಿದೆ, ದಂಡ ತೆತ್ತು ಮರಳಿ ಊರೊಳಗಾಗುವ ದಾರಿಯಿದೆ. ಬಿಳಿಯ ಮಹಾಸಿಂಹಾಸನದ ಮುಂದೆ ನಿಲ್ಲುವವನು ಒಬ್ಬಂಟಿ. ಅಲ್ಲಿಂದಾಚೆ ಅಪೀಲಿಲ್ಲ.

ಸವಣೂರು ಮತ್ತು ಸರ್ವಜ್ಞ

ಈ ಸೀಮೆಯಲ್ಲಿ ಕಡೆಯ ದಿನದ ಮಾತನ್ನು ಮೊದಲು ತಂದವರು ಕ್ರೈಸ್ತರಲ್ಲ. ಸವಣೂರು ನವಾಬರ ಆಳ್ವಿಕೆಯ ಊರು, ಆ ಸಂಸ್ಥಾನ 1948ರವರೆಗೆ ಉಳಿದಿತ್ತು. ಕಿಯಾಮತ್ತಿನ ದಿನ, ಈಸಾ ಪ್ರವಾದಿಯ ಮರುಬರವು, ಮಹದಿಯ ಆಗಮನ ಇವು ಇಸ್ಲಾಮಿನ ಮೂಲಕ ಇಲ್ಲಿಯವರ ಕಿವಿಗೆ ಬಿದ್ದಿದ್ದವು. ಮೊಹರಮ್ಮಿನಲ್ಲಿ ಪಂಜಾ ಹಿಡಿಯುವವರಲ್ಲಿ, ಅಲಾವಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇರುತ್ತಾರೆ. ಅವರು ಹಾಡುವ ರಿವಾಯತ್ ಪದಗಳು ಕನ್ನಡದವು. ಕಾಲಜ್ಞಾನದವರು ಪಾದ್ರಿಗಳನ್ನು ಕಾಣಲು ಹೋದ ದಿನಗಳಲ್ಲಿ ಶಿಗ್ಗಾಂವ ತಾಲೂಕಿನ ಶಿಶುನಾಳದಲ್ಲಿ ಶರೀಫರು (1819–1889) ಇಪ್ಪತ್ತರ ತರುಣರು. ಹುಲಗೂರಿನ ಖಾದರಶಾ ವಲಿಯ ದರ್ಗಾಕ್ಕೆ ನಡೆದುಕೊಳ್ಳುವ ಮನೆತನದ ಅವರು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು, ರಿವಾಯತ್ ಪದಗಳನ್ನೂ ಕಟ್ಟಿದರು. ಮೂರು ಧರ್ಮಗಳ ಅಂತ್ಯಕಾಲದ ಕಲ್ಪನೆಗಳು ಒಂದು ಚಕ್ಕಡಿಯ ಹಾದಿಯ ಅಂತರದಲ್ಲಿ ಹೀಗೆ ನೆರೆಹೊರೆಯಾಗಿದ್ದವು.

ಹಿರೇಕೆರೂರು ಕಡೆಯ ಸರ್ವಜ್ಞನ ತ್ರಿಪದಿಗಳ ಜೊತೆಗೂ ಭವಿಷ್ಯ ನುಡಿಯುವ ತ್ರಿಪದಿಗಳು ಸೇರಿಕೊಂಡಿವೆ. ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕಲೆಹಾಕಿ 1924ರಲ್ಲಿ ಪ್ರಕಟಿಸಿದವರು ಬಾಸೆಲ್ ಮಿಷನ್ ಸಭೆಯ ಪಾಲಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962). 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು ವಚನ ಸಾಹಿತ್ಯವನ್ನು ಹೊರಗಿನವನಂತೆ ಓದಿದವರಲ್ಲ. ಒಂದು ಶತಮಾನದ ಹಿಂದೆ ಕಾಲಜ್ಞಾನದವರು ಮಿಷನ್ನಿನ ಬಾಗಿಲಿಗೆ ಬಂದಿದ್ದರು. ಈಗ ಮಿಷನ್ನಿನ ಪಾಲಕರೊಬ್ಬರು ಕಾಲಜ್ಞಾನದ ನಾಡಿನ ಓಲೆಗರಿಗಳನ್ನು ಹುಡುಕಿಕೊಂಡು ಹೊರಟರು.

ಸತ್ತವರು ಏಳುವುದೆಂದರೆ

ಬರುವ ರಾಜನನ್ನು ಕಾಲಜ್ಞಾನದ ಮೂಲಕ, ತೀರ್ಪನ್ನು ಕಣದ ಮೂಲಕ ತಿಳಿದುಕೊಂಡ ಜನರಿಗೆ ದೇಹದ ಪುನರುತ್ಥಾನ ಮಾತ್ರ ಒಗ್ಗಲಿಲ್ಲವೆಂದು ತೋರುತ್ತದೆ. ಸತ್ತವನು ಮರಳಿ ಬದುಕುವ ಕಥೆ ಇಲ್ಲಿರಲಿಲ್ಲವೆಂದು ಇದರರ್ಥವಲ್ಲ. ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ (ಸು. 1200) ಏಕಾಂತದ ರಾಮಯ್ಯನ ಪವಾಡವನ್ನು ಸವಿಸ್ತಾರವಾಗಿ ಹೇಳುತ್ತದೆ. ಜೈನರೊಡನೆ ಪಂತವೊಡ್ಡಿ ತನ್ನ ತಲೆಯನ್ನು ತಾನೇ ಅರಿದು ಶಿವನಿಗೊಪ್ಪಿಸಿದ ರಾಮಯ್ಯ ಏಳು ದಿನಗಳ ಮೇಲೆ ಕಲೆಯೂ ಇಲ್ಲದಂತೆ ಅದನ್ನು ಮರಳಿ ಪಡೆದನು. ಅದೇ ಗುಡಿಯಲ್ಲಿ ಈ ಪ್ರಸಂಗದ ಶಿಲ್ಪಗಳೂ ಇವೆ. ಬಿಜ್ಜಳನೂ, ಅನಂತರ ಹಾನಗಲ್ಲ ಕದಂಬರ ಕಾಮದೇವನೂ ರಾಮಯ್ಯನನ್ನು ಮನ್ನಿಸಿ ದತ್ತಿಬಿಟ್ಟರು. ಆದರೆ ಇದು ಒಬ್ಬ ಶರಣನ ನಿಷ್ಠೆಗೆ ಸಂದ ಪವಾಡ. ಅವನು ಎದ್ದುದರಿಂದ ಎಲ್ಲರೂ ಏಳುವರೆಂಬ ತರ್ಕ ಅದರಲ್ಲಿಲ್ಲ. ಕ್ರೈಸ್ತ ಸಿದ್ಧಾಂತದಲ್ಲಿ ಕ್ರಿಸ್ತನು ಎದ್ದುದೇ ಸರ್ವರ ಏಳುವಿಕೆಗೆ ಮುಂಗಡದ ಬೆಳೆ, ಪೌಲನ ಮಾತಿನಲ್ಲಿ ಪ್ರಥಮಫಲ.

ಕರ್ಮ ಮತ್ತು ಮರುಹುಟ್ಟುಗಳನ್ನು ನಂಬಿದವನಿಗೆ ಹಳೆಯ ದೇಹ ಕಳಚಿದ ಅಂಗಿ. ಅವನನ್ನು ಅದೇ ಅಂಗಿಯಲ್ಲಿ ಎಬ್ಬಿಸುವುದೇಕೆಂಬ ಪ್ರಶ್ನೆ ಸಹಜ. ಲಿಂಗಾಯತರಲ್ಲಿ ತೊಡಕು ಇನ್ನೊಂದು ಬಗೆಯದು. ಅವರು ಸುಡುವುದಿಲ್ಲ, ಹೂಳುತ್ತಾರೆ. ಹೊರನೋಟಕ್ಕೆ ಕ್ರೈಸ್ತರಿಗೂ ಅವರಿಗೂ ಸಾಮ್ಯವಿದೆ. ಆದರೆ ಶರಣ ತೀರಿಕೊಂಡನೆನ್ನುವುದಿಲ್ಲ, ಲಿಂಗೈಕ್ಯನಾದನೆನ್ನುತ್ತಾರೆ. ಐಕ್ಯವಾದ ಮೇಲೆ ಎರಡೆಂಬುದಿಲ್ಲ. ತುತೂರಿ ಊದಿದರೂ ಎದ್ದುಬಂದು ಸಿಂಹಾಸನದ ಎದುರು ನಿಲ್ಲಬೇಕಾದವನು ಅಲ್ಲಿ ಯಾರು? ಕಾಲಜ್ಞಾನದ ಹಿರಿಯರು ಪಾದ್ರಿಗಳೊಡನೆ ಬಹುದೂರ ನಡೆದು ಹಿಂದಿರುಗಿದ್ದಕ್ಕೆ ಆಳ್ವಿಕೆಯ ಪ್ರಶ್ನೆಯ ಜೊತೆಗೆ ಈ ತಾತ್ತ್ವಿಕ ಅಡ್ಡಿಯೂ ಇದ್ದಿರಬೇಕೆಂದು ನನ್ನ ಅಭಿಪ್ರಾಯ.

ಇತ್ತೀಚಿನ ದಶಕಗಳಲ್ಲಿ ಪೆಂತೆಕೋಸ್ತ್ ಮೊದಲಾದ ಹೊಸ ಸಭೆಗಳ ಬೋಧನೆಯಲ್ಲಿ ಭಕ್ತರು ಮುಂಚಿತವಾಗಿಯೇ ಮೇಲಕ್ಕೆ ‘ಎತ್ತಲ್ಪಡುವ’ ಕಲ್ಪನೆ ಪ್ರಾಧಾನ್ಯ ಪಡೆದಿದೆ. ಇದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ನೆಲ್ಸನ್ ಡಾರ್ಬಿಯಿಂದ ಪ್ರಚಾರಕ್ಕೆ ಬಂದ ವ್ಯಾಖ್ಯಾನ. ಹಳೆಯ ಮಿಷನ್ ಸಭೆಗಳಲ್ಲಿ ಇದಕ್ಕೆ ಅಷ್ಟು ಮನ್ನಣೆಯಿಲ್ಲ. ಅವುಗಳ ನಂಬಿಕೆಯನ್ನು ಉಪದೇಶಕ್ಕಿಂತ ಆಚರಣೆಯಲ್ಲಿಯೇ ಚೆನ್ನಾಗಿ ಕಾಣಬಹುದು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಮೊದಲ ಬರೋಣದ ನೆನಪೂ ಎರಡನೆಯದರ ನಿರೀಕ್ಷೆಯೂ ಕೂಡಿರುತ್ತವೆ. ಹಾನಗಲ್ಲ ಕಡೆ ಅದು ಭತ್ತ ಕೊಯ್ದು ಒಟ್ಟುವ ಹೊತ್ತು. ಈಸ್ಟರ್ ಹಬ್ಬದ ಬೆಳಗಿನ ಜಾವ ಹಲವು ಸಭೆಗಳವರು ಸಮಾಧಿಭೂಮಿಗೆ ಹೋಗಿ, ತಮ್ಮವರ ಗೋರಿಗಳನ್ನು ಹಸನುಮಾಡಿ ಹೂವಿಟ್ಟು, ಮೂಡಣದ ಕಡೆಗೆ ಮುಖಮಾಡಿ ಹಾಡುತ್ತಾರೆ.

ಈ ಭಾಗದ ದೊಡ್ಡ ಊರುಗಳ ಹೊರವಲಯದಲ್ಲಿ ಮೂರು ಬಗೆಯ ಹೂಳುವ ನೆಲಗಳನ್ನು ನೋಡಬಹುದು. ಒಂದರಲ್ಲಿ ಲಿಂಗಾಯತನು ಕೈಯಲ್ಲಿ ಲಿಂಗವಿರಿಸಿಕೊಂಡು ಕುಳಿತಿದ್ದಾನೆ. ಅವನ ಪಾಲಿಗೆ ಎಲ್ಲವೂ ಮುಗಿದಿದೆ. ಇನ್ನೊಂದರಲ್ಲಿ ಮುಸಲ್ಮಾನನು ಬಲಮಗ್ಗುಲಾಗಿ, ಪಡುವಣದ ಕಾಬಾದ ಕಡೆಗೆ ಮುಖವಿಟ್ಟು ಕಿಯಾಮತ್ತಿನವರೆಗೆ ಮಲಗಿದ್ದಾನೆ. ಮೂರನೆಯದರಲ್ಲಿ ಕ್ರೈಸ್ತನು ಅಂಗಾತ ಮಲಗಿದ್ದಾನೆ. ಹಳೆಯ ವಾಡಿಕೆಯಂತೆ ಅವನ ಕಾಲು ಮೂಡಣಕ್ಕೆ, ಎದ್ದು ನಿಂತರೆ ಬರುವವನು ನೇರ ಎದುರಾಗುವಂತೆ.